ಗುಳೆ ಹೋದ ಮಕ್ಕಳ ಹಾಜರಿ

ದೀಪಾವಳಿ ಕಳೆಯುತ್ತಿದ್ದಂತೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಹಳ್ಳಿ, ತಾಂಡಾಗಳ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗತೊಡಗುತ್ತಾರೆ. ಒಣಬೇಸಾಯದ ನೆಲ; ಮುಂಗಾರಿನ ರಾಶಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದವರು ಬೆಂಗಳೂರು, ಪುಣೆ, ಮುಂಬೈ ದಾರಿ ಹಿಡಿಯುತ್ತಾರೆ. ಕೂಸು ಹಿಡಿಯಲು ದೊಡ್ಡ ಮಗಳೂ ಬೇಕು. ‘ಇಲ್ಲಿ ಯಾರ ಹತ್ರ ಬಿಟ್ಟು ಹೋಗೂದ್ರಿ?’ ಎಂದು ತಾಯಿ ಕೇಳಿದರೆ ಮೇಷ್ಟ್ರು ಏನು ಹೇಳಬೇಕು? ಅವರು ಊರಿಗೆ ಮರಳುವುದು ಬಿತ್ತನೆಯ ಹೊತ್ತಿಗೆ. ಅಷ್ಟರಲ್ಲಿ ಪರೀಕ್ಷೆ ಮುಗಿದು, ಶಾಲೆಗೆ ರಜೆಯೂ ಸಿಕ್ಕಿರುತ್ತದೆ.

ಆದರೂ ಇಂಥ ಎಷ್ಟೋ ಮಕ್ಕಳ ಹೆಸರು ದಾಖಲಾತಿಯಲ್ಲಿ ಹಾಗೇ ಉಳಿಯುತ್ತದೆ. ಹೆಸರಿದ್ದ ಮೇಲೆ ಅವರು ‘ಶಾಲೆಯಿಂದ ಹೊರಗುಳಿದವರು’ ಆಗುವುದಾದರೂ ಹೇಗೆ? ಲೆಕ್ಕ ಚೊಕ್ಕ. ಮೂರನೇ ತರಗತಿಯ ಅರ್ಧ ಪಾಠ ಕೇಳಿದ ಹುಡುಗಿ ನಾಲ್ಕಕ್ಕೆ ಹೋಗುತ್ತಾಳೆ, ಅಲ್ಲೂ ಅರ್ಧ. ಐದು, ಆರಕ್ಕೆ ಬರುವಾಗ ಪುಸ್ತಕ ಓದಲಾಗದೆ ನಾಚಿ, ತಾನಾಗಿಯೇ ಶಾಲೆ ಬಿಡುತ್ತಾಳೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳದು ಶೇ 41ರ ಆಸುಪಾಸು.

ಇದೇ ಜಿಲ್ಲೆಯಲ್ಲಿ ನೀರಾವರಿ ಇರುವ ಶಹಾಪುರ, ಸುರಪುರದ ಕಡೆ ಕಥೆ ಬೇರೆ: ಅಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹಂಗಾಮು ಮಕ್ಕಳನ್ನು ಊರಲ್ಲೇ ಕಸಿಯುತ್ತದೆ.

ಸಂವಿಧಾನದ 371(ಜೆ) ವಿಧಿಯಿಂದ ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಕಾಲೇಜು ಸೀಟು, ನೌಕರಿಯಲ್ಲಿ ಮೀಸಲಾತಿ ಬಂತು. ಒಳ್ಳೆಯದೇ. ಆದರೆ ಪ್ರಾಥಮಿಕ ಶಾಲೆಯನ್ನೇ ದಾಟದ ಮಗುವಿಗೆ ಮೆಡಿಕಲ್ ಸೀಟಿನ ಮೀಸಲಾತಿ ಕಟ್ಟಿಕೊಂಡು ಆಗಬೇಕಾದ್ದೇನು? 2002ರಲ್ಲಿ ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದದ್ದೂ ಈ ಭಾಗದ ಜಿಲ್ಲೆಗಳಲ್ಲೇ. ಬಿಸಿಯೂಟ ಮಧ್ಯಾಹ್ನದ ಹಸಿವು ನೀಗಿಸಿತು; ಅಪ್ಪ-ಅಮ್ಮ ಇಲ್ಲದ ಮನೆಯಲ್ಲಿ ರಾತ್ರಿ ಒಲೆ ಹಚ್ಚುವವರು ಯಾರು?

ಇದಕ್ಕೆ ಮದ್ದು ಹೊಸದೇನಲ್ಲ. ವಲಸೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಇರಿಸಿಕೊಳ್ಳುವ ಹಂಗಾಮಿ ವಸತಿನಿಲಯಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲೇ ಅವಕಾಶವಿದೆ. ಅದು ದಸರೆ ರಜೆ ಮುಗಿದ ದಿನವೇ ತೆರೆಯಬೇಕು. ಮಂಜೂರಾತಿ ಪತ್ರ ಜನವರಿಗೆ ಬಂದರೆ ಉಣ್ಣಲು ಮಕ್ಕಳೇ ಇರುವುದಿಲ್ಲ. ಅಜ್ಜಿಯೊಬ್ಬಳನ್ನು, ಅದೇ ಊರಿನವಳನ್ನು, ಮೇಲ್ವಿಚಾರಕಿಯಾಗಿ ನೇಮಿಸಿದರೆ ತಾಯಂದಿರು ನಂಬಿ ಬಿಟ್ಟುಹೋಗುತ್ತಾರೆ ಎಂಬುದು ನನ್ನ ಅಂದಾಜು. ಹೆಣ್ಣುಮಕ್ಕಳ ವಿಷಯದಲ್ಲಂತೂ ಕಟ್ಟಡಕ್ಕಿಂತ ಈ ನಂಬಿಕೆಯೇ ಮುಖ್ಯ.

ಹೋದವರ ಗತಿ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ವಾಪಸು ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ನಗರದಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ತಾಯಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಬೀದಿಯಲ್ಲೇ ಮನೆ ಏಳುತ್ತಿದ್ದರೆ ನೀವೇ ಹೇಳಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಬಳಿಗೆ ಆಕೆಯ ಜೊತೆ ಒಮ್ಮೆ ಹೋಗಿ ಬನ್ನಿ. ಮಗುವನ್ನು ದುಡಿಮೆಗೆ ಹಚ್ಚಿರುವುದು ಕಂಡರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098.