ಗಣಕಯಂತ್ರದ ಕನ್ನಡ ಬರಹಕ್ಕೆ ಉಚಿತ ಉಪಕರಣಗಳು

‘ಉಚಿತ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ತಕ್ಕುದು, ಯೋಗ್ಯವಾದುದು ಎಂದರ್ಥ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಎಣಿಸಿದ ಔಚಿತ್ಯವು ಈ ಶಬ್ದದಿಂದಲೇ ಹುಟ್ಟಿದುದು. ಕನ್ನಡದಲ್ಲಿಯಾದರೋ ಕ್ರಯವಿಲ್ಲದೆ ದೊರೆಯತಕ್ಕದ್ದು ಎಂಬ ಇನ್ನೊಂದು ಅರ್ಥವೂ ಇದಕ್ಕೆ ರೂಢಿಯಾಗಿದೆ. ಗಣಕಯಂತ್ರದ ಉಪಕರಣಗಳನ್ನು ವಿವೇಚಿಸುವಾಗ ಈ ಎರಡು ಅರ್ಥಗಳನ್ನೂ ನೆನಪಿನಲ್ಲಿಡುವುದು ಆವಶ್ಯಕ. ಏಕೆಂದರೆ ಕ್ರಯವಿಲ್ಲದೆ ದೊರೆಯುವುವೆಲ್ಲವೂ ತಕ್ಕವುಗಳಲ್ಲ. ಆದರೆ ತಕ್ಕವುಗಳಾದ ಕೆಲವು ಇಲ್ಲದೆ ಇದ್ದಿದ್ದರೆ ಗಣಕಯಂತ್ರದಲ್ಲಿ ಕನ್ನಡವೇ ಬಹುಕಾಲ ಇರುತ್ತಿರಲಿಲ್ಲ.

ಯಂತ್ರದ ಸಕಲ ಭಾಗಗಳನ್ನೂ ಆಳುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸ್, ಲಿನಕ್ಸ್ ಮೊದಲಾದುವು ಈ ಜಾತಿಯವು. ಇಂಥ ವ್ಯವಸ್ಥೆಯನ್ನು ಲೋಕದ ಎಲ್ಲ ಬಳಕೆದಾರರಿಗೂ ಒಂದೇ ಅಚ್ಚಿನಲ್ಲಿ ಎರೆಯುವುದರಿಂದ ಒಬ್ಬೊಬ್ಬರಿಗೆ ಒಂದೊಂದು ಕೊರತೆಯು ತೋರುವುದು ಸಹಜ. ಆ ಕೊರತೆಯನ್ನು ತುಂಬುವುದಕ್ಕೆ ಎರಡು ಮಾರ್ಗಗಳುಂಟು: ವ್ಯವಸ್ಥೆಯೊಳಗೆ ಅಡಗಿರುವ ಆಯ್ಕೆಗಳನ್ನು ಹುಡುಕಿ ತಿದ್ದಿಕೊಳ್ಳುವುದು ಒಂದು; ಹೊರಗಿನಿಂದ ಸಣ್ಣ ತಂತ್ರಾಂಶವೊಂದನ್ನು ತಂದು ಜೋಡಿಸುವುದು ಇನ್ನೊಂದು. ವಿಂಡೋಸ್ ೯೫ರ ಕಾಲದಲ್ಲಿ ಅದರ ತಯಾರಕರೇ ‘ಪವರ್‌ಟಾಯ್ಸ್’ ಎಂಬ ಕಿರು ಉಪಕರಣಗಳ ಗುಂಪನ್ನು ಬೆಲೆಯಿಲ್ಲದೆ ಕೊಟ್ಟರು. ೧೯೯೬ರಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು ಹೊರಗಿನವರಾಗಿದ್ದುಕೊಂಡೇ, ವಿಂಡೋಸಿನ ಒಳನಡೆಯನ್ನು ಕಾಣಿಸುವ ಉಪಕರಣಗಳನ್ನು ಹಂಚತೊಡಗಿದರು. ‘ಸಿಸ್ಇಂಟರ್ನಲ್ಸ್’ ಎಂದು ಪ್ರಸಿದ್ಧವಾದ ಇವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೬ರಲ್ಲಿ ತನ್ನದಾಗಿಸಿಕೊಂಡರೂ ಇವು ಉಚಿತವಾಗಿಯೇ ಉಳಿದುವು. ಹೀಗೆ ಹೊರಗಿನವರ ಪೂರಣವು ಕಾಲಾಂತರದಲ್ಲಿ ವ್ಯವಸ್ಥೆಯ ಅಂಗವಾಗುವುದುಂಟು. ಕನ್ನಡದ ವಿಷಯದಲ್ಲಿ ನಡೆದುದೂ ಬಹುಮಟ್ಟಿಗೆ ಇದೇ.

ಒಂದು ಲಿಪಿಯ ವಿಷಯದಲ್ಲಿ ಕಾರ್ಯಾಚರಣ ವ್ಯವಸ್ಥೆಯು ಮಾಡಬೇಕಾದ ಕೆಲಸಗಳು ಮೂರು. ಕೀಲಿಮಣೆಯಲ್ಲಿ ಒತ್ತಿದುದನ್ನು ಇಂಥ ಅಕ್ಷರವೆಂದು ಗ್ರಹಿಸುವುದು ಮೊದಲನೆಯದು; ಅದನ್ನು ಸಂಖ್ಯಾರೂಪದಿಂದ ಕಡತದಲ್ಲಿ ಇಡುವುದು ಎರಡನೆಯದು; ಆ ಸಂಖ್ಯೆಗೆ ತಕ್ಕ ಆಕಾರವನ್ನು ತೆರೆಯ ಮೇಲೆ ಬರೆಯುವುದು ಮೂರನೆಯದು. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದೇ ಸಂಖ್ಯೆ, ಒಂದೇ ಆಕಾರವಾದುದರಿಂದ ಈ ಮೂರೂ ಸರಳ. ಕನ್ನಡದಲ್ಲಿ ಕಾಗುಣಿತವೂ ಒತ್ತಕ್ಷರಗಳೂ ಸೇರಿ ಆಕಾರಗಳು ಅಸಂಖ್ಯವಾಗುವುದರಿಂದ ಮೂರನೆಯ ಕೆಲಸವು ಕ್ಲಿಷ್ಟವಾಗುತ್ತದೆ. ವಿಂಡೋಸ್ ೨೦೦೦ ಎಂಬ ಆವೃತ್ತಿಯು ದೇವನಾಗರಿಯನ್ನೂ ತಮಿಳನ್ನೂ ಅರಿತಿತ್ತು; ಕನ್ನಡವನ್ನು ಅರಿತಿರಲಿಲ್ಲ.

ಆಗಿನ ಉಪಕರಣಕಾರರು ಈ ಕೊರತೆಯನ್ನು ಒಂದು ಯುಕ್ತಿಯಿಂದ ದಾಟಿದರು. ಅಕ್ಷರಗಳಿಗಾಗಿ ಯಂತ್ರದಲ್ಲಿ ಇದ್ದ ಮನೆಗಳು ೨೫೬. ಕನ್ನಡಾಕ್ಷರಗಳನ್ನು ತಲೆಕಟ್ಟು, ಕೊಂಬು, ಇಳಿ, ಒತ್ತು ಎಂದು ತುಂಡುಮಾಡಿ, ಆ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕುಳ್ಳಿರಿಸಿದರು. ಮೊಳೆ ಜೋಡಿಸುವವನು ಮಾಡುತ್ತಿದ್ದುದೂ ಇಂಥದೇ ಕೆಲಸ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಶಬ್ದವನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುವುದು. ಅಲ್ಲಿ ಕಕಾರದ ಮೈ ರೋಮನ್ ‘ಪಿ’ಯ ಮನೆಯಲ್ಲಿದೆ, ತಲೆಕಟ್ಟು ಸ್ವರಚಿಹ್ನೆಯುಳ್ಳ ‘ಎ’ಯ ಮನೆಯಲ್ಲಿ, ನಕಾರದ ಮೈ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತಿನ ಮನೆಯಲ್ಲಿ, ನಕಾರದ ಒತ್ತು ಜರ್ಮನ್ ಭಾಷೆಯ ಇಮ್ಮಡಿ ‘ಎಸ್’ನ ಮನೆಯಲ್ಲಿ, ಡಕಾರದ ಮೈ ‘ಕ್ಯೂ’ನ ಮನೆಯಲ್ಲಿ. ಮೂರು ತಲೆಕಟ್ಟುಗಳೂ ಸೇರಿ ಒಟ್ಟು ಏಳು ಗುರುತುಗಳು. ಕಣ್ಣಿಗೆ ಕಾಣುವುದು ‘ಕನ್ನಡ’. ಯಂತ್ರವು ಬಲ್ಲುದು ಅರ್ಥವಿಲ್ಲದ ಏಳು ರೋಮನ್ ಗುರುತುಗಳ ಸಾಲು.

ಈ ಯುಕ್ತಿಯಿಂದಾದ ಉಪಕಾರವು ಅಲ್ಪವಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹೊರತಂದರು. ದೇಶಾಂತರದಲ್ಲಿದ್ದ ಕನ್ನಡಿಗರೂ ಅದರಿಂದ ತಮ್ಮ ಮಾತನ್ನು ತಮ್ಮ ಲಿಪಿಯಲ್ಲಿ ಬರೆಯುವಂತಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಸರಕಾರದ ಆಶ್ರಯದಲ್ಲಿ ಕಚೇರಿಗಳಿಗೂ ಶಾಲೆಗಳಿಗೂ ಹರಡಿತು. ಇವೆರಡಕ್ಕೂ ಮುನ್ನವೇ ಕೆ. ಪಿ. ರಾವ್ ಅವರು ಧ್ವನಿಯನ್ನು ಅನುಸರಿಸಿದ ಕೀಲಿಮಣೆಯೊಂದನ್ನು ಕಲ್ಪಿಸಿ, ಛಂದಸ್ಸಿನ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ತಮ್ಮ ತಂತ್ರಾಂಶಕ್ಕೆ ಇಟ್ಟಿದ್ದರು. ಆ ವಿನ್ಯಾಸದ ಗುಣವೇನೆಂದರೆ ಬರೆಯುವವನು ತುಂಡುಗಳನ್ನು ನೆನೆಯಬೇಕಾದುದಿಲ್ಲ. ವರ್ಣಗಳನ್ನು ನೆನೆದರೆ ಸಾಕು. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಿದರೆ ‘ಕನ್ನಡ’ವಾಗುವುದು, ಇವುಗಳಲ್ಲಿ ‘ಎಫ್’ ಎಂಬುದು ವ್ಯಂಜನಗಳನ್ನು ಕೂಡಿಸುವ ಹಲಂತ.

ಆದರೆ ಸಂಗ್ರಹದ ದೋಷವು ಉಳಿದೇ ಇತ್ತು. ಕಡತವನ್ನು ಪಡೆದವರಲ್ಲಿ ಅದೇ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಬರುವುದು ರೋಮನ್ ಗುರುತುಗಳ ಗೊಂದಲ. ತುಂಡುಗಳ ಮನೆಗಳು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುವುದೂ ಉಂಟು. ಅಂಥಲ್ಲಿ ಒಂದರ ಬರವಣಿಗೆಯು ಇನ್ನೊಂದಕ್ಕೆ ಅಪರಿಚಿತ. ಅಕಾರಾದಿಯು ಕೆಡುವುದು ಇದಕ್ಕಿಂತಲೂ ವಿಲಕ್ಷಣವಾದುದು. ನುಡಿಯ ಹಳೆಯ ಫಾಂಟಿನಲ್ಲಿ ಯಕಾರವು ರೋಮನ್ ‘ಎ’ಯಿಂದಲೂ ಅಕಾರವು ‘ಸಿ’ಯಿಂದಲೂ ಆರಂಭವಾಗುವುದರಿಂದ, ಮನೆಗಳ ಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶವು ‘ಯತಿ’ಯನ್ನು ‘ಅಕ್ಷರ’ಕ್ಕಿಂತ ಮುಂದೆ ಇಡುವುದು. ನಿಘಂಟು, ಪದಸೂಚಿ, ಪ್ರಯೋಗಕೋಶಗಳ ಕೆಲಸಕ್ಕೆ ಇಂಥ ಕಡತವು ಹಾಗೆಯೇ ಒದಗಲಾರದು.

ಈ ದೋಷಕ್ಕೆ ಪರಿಹಾರವು ಯೂನಿಕೋಡ್. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾದುವು. ಅಲ್ಲಿ ಸಂಖ್ಯೆ ದೊರೆಯುವುದು ಆಕಾರಕ್ಕಲ್ಲ, ಅಕ್ಷರಕ್ಕೆ. ‘ಕನ್ನಡ’ ಎಂಬುದು ಕ, ನ, ಹಲಂತ, ನ, ಡ ಎಂಬ ಐದು ಸಂಖ್ಯೆಗಳು. ಅವನ್ನು ಒತ್ತಾಗಿ ತೋರಿಸುವ ಹೊಣೆಯು ವ್ಯವಸ್ಥೆಯದು, ಫಾಂಟಿನದು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಫಾಂಟಿನೊಡನೆ ಈ ಹೊಣೆಯನ್ನು ಹೊತ್ತಿತು. ಆದರೂ ಆ ಸಾಮರ್ಥ್ಯವು ಮುಚ್ಚಿದ ಸ್ಥಿತಿಯಲ್ಲಿಯೇ ಬರುತ್ತಿದ್ದಿತು. ಕಂಟ್ರೋಲ್ ಪ್ಯಾನೆಲ್‌ನ ಭಾಷಾವಿಭಾಗದಲ್ಲಿ ಸಂಕೀರ್ಣ ಲಿಪಿಗಳಿಗೆ ಸಂಬಂಧಪಟ್ಟ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಯಂತ್ರಕ್ಕೆ ಕೊಟ್ಟು, ಪುನಃ ಆರಂಭಿಸಿದರೆ ಮಾತ್ರ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿದ್ದುವು. ಈ ಸಣ್ಣ ತಿದ್ದುಪಡಿಯನ್ನು ಅರಿಯದವರಿಗೆ, ಯಂತ್ರದಲ್ಲಿಯೇ ಇದ್ದ ಕನ್ನಡವೂ ಇಲ್ಲದಂತೆಯೇ ಆಗಿತ್ತು. ಮುಂದಿನ ವಿಸ್ಟಾ ಆವೃತ್ತಿಯಿಂದ ಈ ತೊಡಕು ಹೋಯಿತು.

ಇಂದಿನ ಯಂತ್ರಗಳಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡು ಸ್ವಲ್ಪವೇ. ವ್ಯವಸ್ಥೆಯ ಭಾಷಾಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಕೀಲಿಮಣೆಯು ದೊರೆಯುವುದು. ವಿಂಡೋಸ್ ೮ರಿಂದೀಚೆಗೆ ‘ನಿರ್ಮಲಾ’ ಎಂಬ ಫಾಂಟು ತಾನಾಗಿಯೇ ಇರುವುದು. ‘ತುಂಗಾ’ವು ವಿಂಡೋಸ್ ೧೦ರಿಂದ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿದಿರುವುದರಿಂದ, ಹಳೆಯ ಕಡತಗಳಿಗೆ ಅದು ಬೇಕಾದರೆ ಅಲ್ಲಿಂದ ಬರಮಾಡಿಕೊಳ್ಳಬೇಕು. ವಿಂಡೋಸಿನೊಡನೆ ಮೊದಲಿನಿಂದ ಬಂದ ಕನ್ನಡ ಕೀಲಿಮಣೆಯು ‘ಇನ್‌ಸ್ಕ್ರಿಪ್ಟ್’ ವಿನ್ಯಾಸದ್ದು. ೨೦೧೯ರಲ್ಲಿ ಧ್ವನ್ಯನುಸಾರಿಯಾದ ಇನ್ನೊಂದು ಸೇರಿತು. ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ ಕೈಪಳಗಿದವರಿಗೆ ಮಾತ್ರ ನುಡಿಯಂಥ ಹೊರಗಿನ ಉಪಕರಣದ ಸಹಾಯ ಬೇಕು. ಲಿನಕ್ಸಿನಲ್ಲಿ ಐಬಸ್ ಎಂಬ ಉಚಿತ ಸಾಧನದ ಮೂಲಕ ಅದೂ ದೊರೆಯುವುದು. ಫಾಂಟುಗಳಲ್ಲಿ ‘ಲೋಹಿತ್’, ‘ನೋಟೋ’, ‘ಗುಬ್ಬಿ’, ‘ನವಿಲು’ ಎಂಬುವು ಕ್ರಯವಿಲ್ಲದವು ಮಾತ್ರವಲ್ಲದೆ ಮುಕ್ತವೂ ಆಗಿವೆ. ಎಂದರೆ ಅವನ್ನು ಹಂಚುವುದಕ್ಕೂ ತಿದ್ದುವುದಕ್ಕೂ ಅನುಮತಿಯಿದೆ.

ಬೆಲೆಯಿಲ್ಲದಿರುವುದಕ್ಕೂ ಮುಕ್ತವಾಗಿರುವುದಕ್ಕೂ ಇರುವ ಈ ಭೇದವು ವಿದ್ವಾಂಸರಿಗೆ ಮುಖ್ಯವಾದುದು. ಬರಹದ ಅನಂತರದ ಆವೃತ್ತಿಗಳು ಕ್ರಯಕ್ಕೆ ಬಂದುವು. ಅದು ಕರ್ತೃವಿನ ನ್ಯಾಯವಾದ ಹಕ್ಕು. ಆದರೆ ಒಬ್ಬನ ಗ್ರಂಥವನ್ನು ಓದುವುದು ಇನ್ನೊಬ್ಬನ ಉಪಕರಣದ ಬಾಳಿಕೆಯನ್ನೇ ಅವಲಂಬಿಸಿದ್ದರೆ, ಆ ಉಪಕರಣವು ನಿಂತ ದಿನ ಗ್ರಂಥವೂ ಮೂಕವಾಗುವುದು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳಿಗೂ ಸಂಪಾದಿತ ಪಾಠಗಳಿಗೂ ಇದೇ ಭಯವಿದೆ.

ಅವುಗಳ ಉದ್ಧಾರಕ್ಕಾಗಿ ಇರುವ ಉಚಿತ ಉಪಕರಣವೇ ಪರಿವರ್ತಕ. ಹಳೆಯ ತುಂಡುಗಳನ್ನು ಓದಿ ಯೂನಿಕೋಡಿನ ಅಕ್ಷರಗಳನ್ನಾಗಿ ಮಾರ್ಪಡಿಸುವುದು ಇದರ ಕೆಲಸ. ಒಂದಕ್ಕೆ ಒಂದನ್ನು ಇಟ್ಟರೆ ಈ ಕೆಲಸವು ಮುಗಿಯದು. ವಕಾರದ ಲಿಪಿಗೆ ಕೊಂಬನ್ನಿಟ್ಟರೆ ಮಕಾರವಾಗುವುದನ್ನು ಎಳೆಯ ವಿದ್ಯಾರ್ಥಿಯೂ ಬಲ್ಲನು. ನುಡಿಯ ಹಳೆಯ ಫಾಂಟಿನಲ್ಲಿಯೂ ವಕಾರಕ್ಕೆ ಎರಡು ಗುರುತುಗಳು, ಅವೆರಡರ ಮುಂದೆ ಕೊಂಬಿನ ಗುರುತು ಬಂದರೆ ಮಕಾರ. ಆದುದರಿಂದ ಪರಿವರ್ತಕವು ಉದ್ದವಾದ ಸರಣಿಯನ್ನು ಮೊದಲು ಪರೀಕ್ಷಿಸಿ, ಅದು ಹೊಂದದಿದ್ದರೆ ಮಾತ್ರ ಕಿರಿದಕ್ಕೆ ಇಳಿಯಬೇಕು. ಅರ್ಕಾವೊತ್ತಿನ ಸ್ಥಾನವು ಇನ್ನೊಂದು ತೊಡಕು. ‘ಕಾರ್ಯ’ ಎಂಬಲ್ಲಿ ರೇಫವು ಉಚ್ಚಾರದಲ್ಲಿ ಯಕಾರಕ್ಕೆ ಹಿಂದೆ, ಲಿಪಿಯಲ್ಲಿ ಮುಂದೆ. ಹಳೆಯ ಫಾಂಟು ಲಿಪಿಯ ಕ್ರಮವನ್ನು ಹಿಡಿದರೆ ಯೂನಿಕೋಡು ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಪರಿವರ್ತಕವು ರೇಫವನ್ನು ಎತ್ತಿ ಹಿಂದಕ್ಕೆ ಇಡಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಮತ್ತೊಂದು ಅಪಾಯ: ಮನೆಗಳು ಒಂದೇ ಆದುದರಿಂದ, ಫಾಂಟಿನ ಹೆಸರನ್ನು ಕಳೆದುಕೊಂಡ ಬರಿಯ ಪಠ್ಯದಲ್ಲಿ ಅದೂ ಕನ್ನಡವೆಂದೇ ಓದಲ್ಪಟ್ಟು ವಿಕಾರಗೊಳ್ಳುವುದು.

ಹೀಗಿರುವುದರಿಂದ ಪರಿವರ್ತಿತವಾದ ಪಾಠವನ್ನು ಓಲೆಯ ಪ್ರತಿಯಂತೆಯೇ ಕಾಣುವುದು ಯುಕ್ತ. ಲಿಪಿಕಾರನಿಗೆ ಅವನದೇ ಆದ ಸ್ಖಾಲಿತ್ಯಗಳಿರುವಂತೆ ಪರಿವರ್ತಕಕ್ಕೂ ಇವೆ. ಒಮ್ಮೆ ಗುರುತಿಸಿದರೆ ಅವು ಕಡತದುದ್ದಕ್ಕೂ ಒಂದೇ ಬಗೆಯಾಗಿ ಬರುವುದರಿಂದ ತಿದ್ದುವುದು ಲಿಪಿಕಾರನ ತಪ್ಪುಗಳಿಗಿಂತ ಸುಲಭ. ಕಣ್ಣಿಗೆ ಕಾಣದ ಎರಡು ಗುರುತುಗಳನ್ನು ವಿಶೇಷವಾಗಿ ನೋಡಬೇಕು. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರವು ಒತ್ತಾಗದಂತೆ ತಡೆಯುವುದು ಒಂದು ಅಗೋಚರ ಗುರುತು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಅರ್ಕಾವೊತ್ತಾಗದಂತೆ ಕಾಯುವುದು ಇನ್ನೊಂದು. ಒಂದೇ ಶಬ್ದವು ಒಂದೆಡೆ ಈ ಗುರುತಿನೊಡನೆಯೂ ಇನ್ನೊಂದೆಡೆ ಅದಿಲ್ಲದೆಯೂ ಇದ್ದರೆ, ಶೋಧಿಸುವ ಉಪಕರಣವು ಎರಡನ್ನೂ ಬೇರೆ ಬೇರೆ ಶಬ್ದಗಳೆಂದು ಎಣಿಸಬಹುದು.

ಹಳಗನ್ನಡವನ್ನು ಅಭ್ಯಸಿಸುವವರಿಗೆ ಇನ್ನೊಂದು ವಿಷಯವೂ ತಿಳಿದಿರಬೇಕು. ಱಕಾರ ೞಕಾರಗಳೆರಡೂ ಯೂನಿಕೋಡಿನಲ್ಲಿ ಇವೆ. ಆದರೆ ೞಕಾರಕ್ಕೆ ಅಲ್ಲಿ ‘ಫ’ ಎಂದು ಕೇಳಿಸುವ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಅಕ್ಷರದ ಸ್ಥಾನವೂ ಳಕಾರದ ನೆರೆಯಲ್ಲಿರದೆ ಕೊನೆಗೆ ಬಿದ್ದಿದೆ. ನಕಾರಪೊಲ್ಲು ೨೦೨೧ರ ೧೪ನೆಯ ಆವೃತ್ತಿಯಲ್ಲಿ ಸೇರಿತು. ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದರ ಬದಲು ಬರಿದಾದ ಚೌಕವು ಕಾಣಿಸುವುದು. ಪಠ್ಯವು ಕೆಟ್ಟಿತೆಂದು ಭಾವಿಸಿ ಅಕ್ಷರವನ್ನು ಅಳಿಸಿಬಿಡಬಾರದು. ಹೊಸ ಫಾಂಟೊಂದನ್ನು ಹಾಕಿಕೊಂಡರೆ ಸಾಕು.

ಕೊನೆಗೆ ಔಚಿತ್ಯದ ಮಾತು. ಯಂತ್ರದ ವೇಗವನ್ನು ಇಮ್ಮಡಿಸುವುದಾಗಿಯೂ ವಿಂಡೋಸಿನ ಒಳಪಟ್ಟಿಯಾದ ‘ರಿಜಿಸ್ಟ್ರಿ’ಯನ್ನು ಶುಚಿಮಾಡುವುದಾಗಿಯೂ ಹೇಳಿಕೊಳ್ಳುವ ಉಪಕರಣಗಳು ಬಹಳ, ಇಂಥ ಶುಚಿಕಾರಕಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಅನುಮೋದಿಸುವುದಿಲ್ಲ. ಉಪಕರಣವನ್ನು ಅದರ ಕರ್ತೃವಿನ ಸ್ವಂತ ಸ್ಥಾನದಿಂದಲೇ ಪಡೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆ ಕಡೆ ಇಡುವುದು, ಈ ಮೂರು ನಿಯಮಗಳಿಂದ ಹೆಚ್ಚಿನ ಹಾನಿಗಳು ತಪ್ಪುವುವು.

ಹಳೆಯ ಫಾಂಟಿನ ಕಡತಗಳುಳ್ಳ ಅಧ್ಯಾಪಕರು ಮೂಲವನ್ನು ಮುಟ್ಟದೆ, ಅದರ ಪ್ರತಿಯನ್ನು ಪರಿವರ್ತಿಸಿ, ಅಚ್ಚಾದ ಪುಸ್ತಕದೊಡನೆ ಪುಟಪುಟವಾಗಿ ಹೋಲಿಸಿ, ಮೂರನ್ನೂ ಜೊತೆಯಾಗಿ ಇಡುವುದು ಲೇಸು. ಹಳೆಯ ಫಾಂಟುಗಳೂ, ಅವನ್ನು ಬಲ್ಲ ಪರಿವರ್ತಕಗಳೂ, ಆ ಬರಹವನ್ನು ಬೆರಳಚ್ಚು ಮಾಡಿದವರೂ ಇನ್ನೂ ದೊರೆಯುತ್ತಿರುವಾಗಲೇ ಈ ಕೆಲಸವು ಸುಲಭ. ಈ ಮೂವರಲ್ಲಿ ಒಬ್ಬರು ಇಲ್ಲವಾದರೂ ಏಳು ರೋಮನ್ ಗುರುತುಗಳ ಸಾಲಿನಿಂದ ‘ಕನ್ನಡ’ವನ್ನು ಮರಳಿ ಓದುವುದು ಅಷ್ಟಷ್ಟಾಗಿ ಕಷ್ಟವಾಗುತ್ತ ಹೋಗುವುದು.