ಹಾಲು ನಿಂತ ದನಕ್ಕೂ ಆರೈಕೆ ಬೇಕು



ಸಂಘದ ಸಾಲದಿಂದ ಹಸು, ಎಮ್ಮೆ ತಂದು ಡೈರಿಗೆ ಹಾಲು ಹಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಾಲು ಕೊಡುವಷ್ಟು ದಿನ ಹಿಂಡಿ, ಬೂಸಾ, ಡಾಕ್ಟರು ಎಲ್ಲಾ ಉಂಟು. ಗಬ್ಬ ನಿಲ್ಲಲಿಲ್ಲ, ಕೆಚ್ಚಲು ಬಾವು ಬಂತು, ಕಾಲು ಕುಂಟಾಯಿತು ಅಂದ ಕೂಡಲೇ 'ಇನ್ನು ಮಾರುವ ದನ ತಾನೇ' ಎಂದು ಕೈಬಿಡುತ್ತೇವೆ. ಮನೆ ಭೇಟಿಗೆ ಬಂದಾಗ ಕೊಟ್ಟಿಗೆಯ ಮೂಲೆಯಲ್ಲಿ ಪಕ್ಕೆಲುಬು ಎದ್ದು ಕಾಣುವ ದನಗಳನ್ನು ನಾನು ನೋಡಿದ್ದೇನೆ. ಬೈಯಲು ಮನಸ್ಸು ಬರುವುದಿಲ್ಲ. ಹಾಲಿನ ದುಡ್ಡು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಲ್ಲ!

ಮೊದಲು ಕಾನೂನು ಗೊತ್ತಿರಲಿ. ಕರ್ನಾಟಕದ 2020ರ ಕಾಯ್ದೆಯಂತೆ ಹಸು, ಕರು, ಹೋರಿ, ಎತ್ತುಗಳನ್ನು ಯಾವ ವಯಸ್ಸಿನಲ್ಲೂ ಕಸಾಯಿಗೆ ಮಾರುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದಕ್ಕೂ ಪ್ರಮಾಣಪತ್ರ ಬೇಕು. ಹೀಗಾಗಿ ಮುದಿ ಹಸು ವರ್ಷಗಟ್ಟಲೆ ಮನೆಯಲ್ಲೇ ಉಳಿಯಬಹುದು. ಸಾಲ ಮಾಡುವಾಗಲೇ ಈ ಖರ್ಚನ್ನೂ ಲೆಕ್ಕ ಹಾಕಬೇಕು. ನಮ್ಮ ಸಾಲದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ, ಅದು ನಮ್ಮ ತಪ್ಪು.

ಹಾಲು ಬಿಟ್ಟ ದನಕ್ಕೆ ಹಿಂಡಿ ಕಡಿಮೆ ಮಾಡಿದರೆ ದೋಷವಿಲ್ಲ, ಹುಲ್ಲು ನೀರು ಕಡಿಮೆ ಮಾಡಬೇಡಿ. ಕುಂಟುವ ದನ ಮೇವಿನ ಹತ್ತಿರ ಹೋಗಲಾರದೆ ಬಡಕಲಾಗುತ್ತದೆ. ಬೆಳೆದ ಗೊರಸನ್ನು ಡಾಕ್ಟರ ಕೈಯಲ್ಲಿ ಕತ್ತರಿಸಿ ಸರಿಮಾಡಿಸಿ. ಹಾಲು ಬೇಡವಾದರೂ ಕೆಚ್ಚಲು ಬಾವಿಗೆ ಔಷಧಿ ಮಾಡಿಸಲೇಬೇಕು. ಮಕ್ಕಳಿಗೆ ಹಾಲು ಕುಡಿಸುವಾಗ ಎದೆ ಬಾವು ಬಂದವರಿಗೆ ಆ ನೋವು ಗೊತ್ತು.

ಮಲಗಿ ಏಳಲಾರದ ದನವನ್ನು ಹಾಗೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದರೆ ತನ್ನ ಭಾರಕ್ಕೇ ಕಾಲಿನ ಸ್ನಾಯು, ನರ ಜಜ್ಜಿಹೋಗುತ್ತದೆ. ಆಮೇಲೆ ರೋಗ ವಾಸಿಯಾದರೂ ಏಳುವುದು ಕಷ್ಟ. ದಪ್ಪಗೆ ಒಣಹುಲ್ಲು ಹಾಸಿ, ಅಕ್ಕಪಕ್ಕದವರನ್ನು ಕರೆದು ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸಿ, ಬಾಯಿ ಹತ್ತಿರ ನೀರಿಡಿ. ಬಾಲ ತಿರುಚಿ, ಹೊಡೆದು ಎಬ್ಬಿಸಬೇಡಿ. 1962 ನಂಬರಿಗೆ ಫೋನ್ ಮಾಡಿ ಪಶು ಆಂಬುಲೆನ್ಸ್ ಕರೆಸಿ.

ವಯಸ್ಸಾದ ಎಮ್ಮೆ ಕಸಾಯಿಖಾನೆಗೇ ಹೋಗುವುದಾದರೂ ಅದಕ್ಕೂ ನಿಯಮ ಉಂಟು. ಗಬ್ಬದ ಎಮ್ಮೆ, 3 ತಿಂಗಳೊಳಗಿನ ಕರುವಿರುವ ಎಮ್ಮೆ ಕಡಿಯಬಾರದು ಎಂದು 2001ರ ಕೇಂದ್ರ ನಿಯಮ ಹೇಳುತ್ತದೆ. ಸಾಗಿಸಲು ಡಾಕ್ಟರ ಸರ್ಟಿಫಿಕೇಟ್ ಬೇಕು, ಮಾಮೂಲಿ ಲಾರಿಗೆ 6ಕ್ಕಿಂತ ಹೆಚ್ಚು ತುಂಬಬಾರದು. ಇದು 1978ರ ನಿಯಮ. ನಿಲ್ಲಲಾರದ್ದನ್ನು ಎಳೆದು ಹತ್ತಿಸಲು ವ್ಯಾಪಾರಿಗೆ ಬಿಡಬೇಡಿ. ಇಂಜೆಕ್ಷನ್ ಕೊಡಿಸಿದ್ದರೆ ಎಷ್ಟು ದಿನ ಬಿಟ್ಟು ಮಾರಬೇಕೆಂದು ಡಾಕ್ಟರನ್ನು ಕೇಳಿ, ಔಷಧಿ ಮಾಂಸದಲ್ಲಿ ಉಳಿದಿರುತ್ತದೆ. ಹಸಿದು, ಹೆದರಿ, ಸುಸ್ತಾದ ಎಮ್ಮೆಯ ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ ಎಂಬುದು ವ್ಯಾಪಾರಿಗೂ ಗೊತ್ತಿರಬೇಕು.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ ಹಾಲು ಬಿಟ್ಟ ದನ ಎಷ್ಟು, ಯಾವುದಕ್ಕೆ ಏನು ತೊಂದರೆ ಎಂದು ಚೀಟಿಯಲ್ಲಿ ಬರೆದು ತನ್ನಿ. ಪಶುವೈದ್ಯರಿಗೆ ಆ ಪಟ್ಟಿ ಕೊಟ್ಟು ಊರಿಗೆ ಕರೆಸೋಣ.