ಹಳೆಯ ದೋಣಿ ಕೊಳ್ಳುವ ಮುನ್ನ



ಎತ್ತು ಕೊಳ್ಳುವಾಗ ನೀವು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡಿ, ನಡೆಸಿ ನೋಡುತ್ತೀರಿ. ಹಳೆಯ ಮೀನುಗಾರಿಕೆ ದೋಣಿಗೂ ಇದೇ ಮಾತು ಸಲ್ಲುತ್ತದೆ.

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿರುವ ನಮ್ಮ ಭಾವನವರು ರಜೆಯಲ್ಲಿ ಮನೆಮಂದಿಯೊಡನೆ ಊರ ಕೆರೆಯಲ್ಲಿ ವಿಹರಿಸಲು ಅನುಮತಿ ಪಡೆದು, ಎರಡು ಹಳೆಯ ದೋಣಿಗಳನ್ನು ಗೊತ್ತುಮಾಡಿದ್ದರು. ಒಂದು, ಹೊಸ ಬಣ್ಣ ಬಳಿದ, ಕಿರಿದಾದ ಮರದ ದೋಣಿ, ಬೆಲೆ ಕಡಿಮೆ. ಇನ್ನೊಂದು, ಬಣ್ಣ ಮಾಸಿದ, ಅಗಲ ತಳದ ಫೈಬರ್ ದೋಣಿ. ಎಲ್ಲರಿಗೂ ಮೊದಲನೆಯದೇ ಮೆಚ್ಚುಗೆ. ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿದೆವು:

1. ಮರದ ಹಲಗೆಗಳು ಕೂಡುವೆಡೆ ದಬ್ಬಳ ಒತ್ತಿದೆವು. ಅದು ಸಲೀಸಾಗಿ ಇಳಿಯಿತು. ಬಣ್ಣದಡಿ ಮರ ಕೊಳೆತಿತ್ತು.

2. ಫೈಬರ್ ತಳವನ್ನು ನಾಣ್ಯದಿಂದ ತಟ್ಟುತ್ತ ಹೋದೆವು. ಎಲ್ಲೆಡೆ ಗಟ್ಟಿ ಸದ್ದು. ಮಂದ ಸದ್ದು ಬಂದಲ್ಲಿ ಪದರ ಬಿಟ್ಟಿರುವ ಸಂಭವವುಂಟು.

3. ಆರು ಜನಕ್ಕೆ ತಲಾ 60 ಕಿಲೋದಂತೆ 360 ಕಿಲೋ ಮರಳುಚೀಲ ಹೇರಿ, ಫೈಬರ್ ದೋಣಿಯನ್ನು ದಡದ ಬಳಿ ಒಂದು ಗಂಟೆ ತೇಲಬಿಟ್ಟೆವು. ನೀರು ಒಸರಲಿಲ್ಲ.

ಫೈಬರ್ ದೋಣಿಯನ್ನೇ ಕೊಂಡರು. ಆದರೆ ಮರಳುಚೀಲ ಕದಲದು, ಮಕ್ಕಳು ಕದಲುತ್ತಾರೆ. ಆದ್ದರಿಂದ ಆರರ ಬದಲು ನಾಲ್ವರನ್ನೇ ಕೂರಿಸಲು ತಿಳಿಸಿದೆ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಇದನ್ನು ಮರೆಯದಿರಿ. ದೋಣಿ ಹತ್ತುವ ಮೊದಲೇ ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ತೊಡಬೇಕು; ಮಕ್ಕಳಿಗೆ ಅವರ ಅಳತೆಯದೇ ಇರಲಿ. ಗಾಳಿ ಎದ್ದೊಡನೆ ದಡಕ್ಕೆ ಮರಳಿರಿ. ದೋಣಿಯ ಬೆಲೆಯಲ್ಲಿ ಜಾಕೆಟ್ಟುಗಳ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿರಿ.